ಒಂದು ಹನಿಯಲ್ಲಿ ಐವತ್ತು ಸಿಗರೇಟು

ಹೊಗೆಸೊಪ್ಪಿನ ಬೀಜ ಎಷ್ಟು ಸಣ್ಣದೆಂದರೆ, ಒಂದು ಗ್ರಾಂ ತೂಗಬೇಕಾದರೆ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಬೇಕು. ಅಂಥ ಹತ್ತು ಬೀಜಗಳ ತೂಕ ಹೆಚ್ಚುಕಡಿಮೆ ಒಂದು ಮಿಲಿಗ್ರಾಂ. ಒಂದು ಸಿಗರೇಟಿನ ಎಲೆಯಲ್ಲಿ ಸುಮಾರು 10 ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ಅದನ್ನು ಕೊನೆಯವರೆಗೆ ಸೇದಿದವನ ಮೈಗೆ ಸೇರುವುದು 1ರಿಂದ 1.5 ಮಿಲಿಗ್ರಾಂ ಮಾತ್ರ. ಹತ್ತು ಹದಿನೈದು ಬೀಜದ ತೂಕದ ಈ ವಸ್ತುವೇ ಮನುಷ್ಯನನ್ನು ವರ್ಷಗಟ್ಟಲೆ ಕಟ್ಟಿಹಾಕುತ್ತದೆ!

ಒಂದು ಮಿಲಿಗ್ರಾಂ ಅಲ್ಪವೆನಿಸಿದರೆ ಅದರೊಳಗಿನ ಅಣುಗಳನ್ನು ಲೆಕ್ಕ ಹಾಕಿ ನೋಡಿ. 37 ಬರೆದು ಅದರ ಮುಂದೆ ಹದಿನೇಳು ಸೊನ್ನೆ ಹಾಕಬೇಕು. ವಿಶ್ವ ಹುಟ್ಟಿ 1,380 ಕೋಟಿ ವರ್ಷವಾಯಿತು. ಆ ವರ್ಷಗಳನ್ನೆಲ್ಲ ಸೆಕೆಂಡುಗಳಾಗಿ ಒಡೆದರೂ ಒಂದು ಮಿಲಿಗ್ರಾಂ ನಿಕೋಟಿನ್‌ನ ಅಣುಗಳ ಸಂಖ್ಯೆ ಅದರ ಎಂಟು ಪಟ್ಟನ್ನು ಮೀರುತ್ತದೆ. ಭೂಮಿಯ ಮೇಲಿನ 800 ಕೋಟಿ ಜನರಿಗೆ ಹಂಚಿದರೆ ತಲೆಗೆ 46 ಕೋಟಿ ಅಣು! ಇದಿಷ್ಟೂ ಒಂದೇ ಸಿಗರೇಟಿನಿಂದ ಬಂದದ್ದು. ಒಂದು ದಮ್ಮು ಎಳೆದ 10ರಿಂದ 20 ಸೆಕೆಂಡುಗಳಲ್ಲಿ ಈ ಅಣುಗಳ ಸೈನ್ಯ ಮಿದುಳನ್ನು ಮುಟ್ಟಿರುತ್ತದೆ.

ಈಗ ಮಿಲಿಗ್ರಾಂ ಬಿಟ್ಟು ಹನಿಗೆ ಬರೋಣ. ಶುದ್ಧ ನಿಕೋಟಿನ್ ಬಣ್ಣವಿಲ್ಲದ ಎಣ್ಣೆಯಂಥ ದ್ರವ. ಗಾಳಿ ತಾಗಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ತೂಕದಲ್ಲಿ ನೀರಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಔಷಧಿ ಹಾಕುವ ಡ್ರಾಪರ್‌ನಿಂದ ಬೀಳುವ ಇಪ್ಪತ್ತು ಹನಿ ಸೇರಿದರೆ ಒಂದು ಮಿಲಿಲೀಟರ್. ಹಾಗಾದರೆ ಒಂದು ಹನಿಯಲ್ಲಿ 50 ಮಿಲಿಗ್ರಾಂ. ಸಿಗರೇಟಿಗೆ ಒಂದು ಮಿಲಿಗ್ರಾಂನಂತೆ ಲೆಕ್ಕ ಹಾಕಿದರೆ ಐವತ್ತು ಸಿಗರೇಟು ಮೈಗೆ ಕೊಡುವ ನಿಕೋಟಿನ್ ಈ ಒಂದು ಹನಿಯಲ್ಲಿದೆ. ದಿನಕ್ಕೆ ಹತ್ತು ಸೇದುವವನಿಗೆ ಐದು ದಿನ ಸಾಲುವಷ್ಟು ನಿಕೋಟಿನ್ ಬೆರಳ ತುದಿಯಲ್ಲಿ ನಿಲ್ಲುತ್ತದೆ!

ಆ ಹನಿ ಪೂರ್ತಿ ಆವಿಯಾದರೆ? ಇಪ್ಪತ್ತು ಅಡಿ ಉದ್ದ, ಹದಿನೆಂಟು ಅಡಿ ಅಗಲ, ಹತ್ತು ಅಡಿ ಎತ್ತರದ ಹಾಲ್ ಒಂದನ್ನು ತೆಗೆದುಕೊಳ್ಳಿ. ಅದರೊಳಗಿನ ಗಾಳಿ ಸುಮಾರು 100 ಘನ ಮೀಟರ್, ತೂಕ ಸುಮಾರು 120 ಕಿಲೊ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಂತೆ ಎಂಟು ಗಂಟೆ ಕೆಲಸ ಮಾಡುವವರ ಸುತ್ತಲಿನ ಗಾಳಿಯಲ್ಲಿ ಘನ ಮೀಟರಿಗೆ ಸರಾಸರಿ ಅರ್ಧ ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರಕೂಡದು. ನಮ್ಮ ಒಂದು ಹನಿ ಇಡೀ ಹಾಲ್‌ನ ಗಾಳಿಯನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ. 24 ಲಕ್ಷ ಪಾಲು ಗಾಳಿಗೆ ಒಂದು ಪಾಲು ನಿಕೋಟಿನ್, ಅಷ್ಟಕ್ಕೇ ಮಿತಿ ಮುಗಿಯಿತು! ಹತ್ತು ಹನಿ ಆವಿಯಾದರೆ ಆ ಹಾಲ್ ಜೀವಕ್ಕೆ ಕೂಡಲೇ ಅಪಾಯವೆಂದು ಅಮೆರಿಕದ ತಜ್ಞರು ಗುರುತಿಸಿರುವ ಮಟ್ಟವನ್ನು ಮುಟ್ಟುತ್ತದೆ.

ಮೂಗು ಬಾಯಿ ಮುಚ್ಚಿಕೊಂಡರೆ ಸಾಕು ಎನ್ನುವವರು 1933ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು ವರದಿ ಮಾಡಿದ ಹೂವಿನ ವ್ಯಾಪಾರಿಯ ಪ್ರಕರಣ ಕೇಳಬೇಕು. ಆತ ಕುಳಿತ ಕುರ್ಚಿಯ ಮೇಲೆ ಶೇ 40ರಷ್ಟು ನಿಕೋಟಿನ್ ಇದ್ದ ಕೀಟನಾಶಕ ಚೆಲ್ಲಿತ್ತು. ಪ್ಯಾಂಟು ನೆನೆದು ಅಂಗೈ ಅಗಲದಷ್ಟು ಚರ್ಮ ಒದ್ದೆಯಾಯಿತು. ಹದಿನೈದೇ ನಿಮಿಷದಲ್ಲಿ ವಾಕರಿಕೆ ಬಂದು ತಲೆ ಸುತ್ತಿತು, ಆಸ್ಪತ್ರೆ ಸೇರುವ ಮೊದಲೇ ಪ್ರಜ್ಞೆ ತಪ್ಪಿತು. ನಾಲ್ಕು ದಿನದ ನಂತರ ಚೇತರಿಸಿಕೊಂಡು ಮನೆಗೆ ಹೊರಟಾಗ ಅವನ ಬಟ್ಟೆಗಳನ್ನು ಕಾಗದದ ಚೀಲದಿಂದ ತೆಗೆದು ಕೊಟ್ಟರು. ನಾಲ್ಕು ದಿನವಾಗಿದ್ದರೂ ಆ ಪ್ಯಾಂಟಿನ ಪಸೆ ಆರಿರಲಿಲ್ಲ. ತೊಟ್ಟ ಸುಮಾರು ಒಂದು ಗಂಟೆಯಲ್ಲಿ ಮತ್ತೆ ಅದೇ ವಾಕರಿಕೆ, ಮತ್ತೆ ಅದೇ ಆಸ್ಪತ್ರೆ! ಒಂದು ಗುಟುಕನ್ನೂ ಕುಡಿಯದೆ ಒಂದೇ ಪ್ಯಾಂಟಿನಿಂದ ಎರಡು ಸಲ ವಿಷವೇರಿತು.

ಎಷ್ಟು ಹನಿ ಕೊಲ್ಲುತ್ತದೆ? ನೂರು ವರ್ಷಕ್ಕೂ ಹೆಚ್ಚು ಕಾಲ ಪಠ್ಯಪುಸ್ತಕಗಳು ಕೊಟ್ಟ ಉತ್ತರ 60 ಮಿಲಿಗ್ರಾಂ, ಅಂದರೆ ಬರೀ ಒಂದೂಕಾಲು ಹನಿ. ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದ ಬೆರ್ನ್‌ಹಾರ್ಡ್ ಮೇಯರ್ 2014ರಲ್ಲಿ ಈ ಸಂಖ್ಯೆಯ ಜಾಡು ಹಿಡಿದು ಹಿಂದೆ ಹೋದರು. ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂದ ಆ ಲೆಕ್ಕದ ಬೇರು ಸಿಕ್ಕಿದ್ದು 19ನೇ ಶತಮಾನದ ನಡುಭಾಗದಲ್ಲಿ, ಕೆಲವೇ ಮಿಲಿಗ್ರಾಂ ನುಂಗಿ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡವರ ಟಿಪ್ಪಣಿಗಳಲ್ಲಿ! ಮೇಯರ್ ಅವರ ಅಂದಾಜಿನಂತೆ ನುಂಗಿದ ನಿಕೋಟಿನ್ ವಯಸ್ಕರ ಜೀವ ತೆಗೆಯುವ ಕೆಳಮಟ್ಟ ಅರ್ಧ ಗ್ರಾಂನಿಂದ ಒಂದು ಗ್ರಾಂ. ಹಳೆಯ ಲೆಕ್ಕದ ಎಂಟು ಪಟ್ಟಿಗೂ ಹೆಚ್ಚು ಎಂದು ನಿಟ್ಟುಸಿರು ಬಿಡುವ ಮೊದಲು ಅದನ್ನು ಹನಿಗೆ ಇಳಿಸಿ ನೋಡಿ: ಅರ್ಧ ಗ್ರಾಂ ಎಂದರೆ ಹತ್ತು ಹನಿ, ಅರ್ಧ ಮಿಲಿಲೀಟರ್. ಕಿಲೊ ತೂಕಕ್ಕೆ 6.5 ಮಿಲಿಗ್ರಾಂ ಎಂಬ ಅದೇ ಅನುಪಾತದಲ್ಲಿ ಹತ್ತು ಕಿಲೊ ತೂಗುವ ಕೂಸಿಗೆ 65 ಮಿಲಿಗ್ರಾಂ ಸಾಕು. ದೊಡ್ಡವರಿಗೆ ಹತ್ತು ಹನಿಯಾದರೆ ತೊಟ್ಟಿಲಿನ ಮಗುವಿಗೆ ಎರಡನೆಯ ಹನಿ ಪೂರ್ತಿ ಬೀಳುವುದೂ ಬೇಡ!

ಮನುಷ್ಯನಿಗೂ ಈ ಗಿಡಕ್ಕೂ ನಂಟು ಬಹಳ ಹಳೆಯದು. ಅಮೆರಿಕದ ಯೂಟಾ ಮರುಭೂಮಿಯ ಒಲೆಯೊಂದರಲ್ಲಿ ಸುಟ್ಟು ಕರಿಯಾದ ತಂಬಾಕಿನ ಬೀಜ ಸಿಕ್ಕಿವೆ, ವಯಸ್ಸು ಸುಮಾರು 12,300 ವರ್ಷ. ಎಲೆಯಿಂದ ನಿಕೋಟಿನ್ ಅನ್ನು ಬೇರ್ಪಡಿಸಿದ್ದು ಮಾತ್ರ 1828ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಪೊಸೆಲ್ಟ್ ಮತ್ತು ರೈಮಾನ್ ಎಂಬಿಬ್ಬರು. 12,300 ವರ್ಷಗಳನ್ನು ಒಂದು ಹಗಲು ರಾತ್ರಿಗೆ ಕುಗ್ಗಿಸಿದರೆ ಶುದ್ಧ ನಿಕೋಟಿನ್ ಬಾಟಲಿಯಲ್ಲಿ ಕಾಣಿಸಿಕೊಂಡದ್ದು ದಿನದ ಕೊನೆಯ 23 ನಿಮಿಷದಲ್ಲಿ. ಅದರಿಂದ ಕೊಲೆ ನಡೆಯಲು ಹಿಡಿದದ್ದು ಇಪ್ಪತ್ತೆರಡೇ ವರ್ಷ!

ಬೆಲ್ಜಿಯಂನ ಬಿತ್ರೆಮಾಂ ಎಂಬ ಕೋಟೆಮನೆಯ ಯಜಮಾನ, ಕೌಂಟ್ ಇಪ್ಪೊಲಿತ್ ದ ಬೊಕಾರ್ಮೆ, ಸಾಲದಲ್ಲಿ ಮುಳುಗಿದ್ದ. ಸುಳ್ಳು ಹೆಸರು ಹೇಳಿಕೊಂಡು ರಸಾಯನಶಾಸ್ತ್ರ ಕಲಿಸುವವರ ಬಳಿ ಹೋಗಿ ಹೊಗೆಸೊಪ್ಪಿನಿಂದ ನಿಕೋಟಿನ್ ತೆಗೆಯುವ ವಿದ್ಯೆ ವಿಚಾರಿಸಿದ. ಮನೆಯಲ್ಲೇ ಸದ್ದಿಲ್ಲದೆ ವಿಷ ತೆಗೆಯತೊಡಗಿದ. ಮೊದಲು ಬೆಕ್ಕು, ಬಾತುಕೋಳಿಗಳ ಮೇಲೆ ಪ್ರಯೋಗ ನಡೆಯಿತು. 1850ರ ನವೆಂಬರ್ 20ರಂದು ಆಸ್ತಿಯ ಆಸೆಗೆ ಸ್ವಂತ ಭಾವಮೈದುನ ಗುಸ್ತಾವ್ ಫೂನಿಗೆ ಅದೇ ವಿಷ ಕುಡಿಸಿದ.

ಕೌಂಟ್ ನೆಚ್ಚಿಕೊಂಡದ್ದೂ ಒಂದು ಸೊನ್ನೆಯನ್ನು. ಶವದ ಅಂಗಾಂಶದಿಂದ ಸಸ್ಯಜನ್ಯ ಆಲ್ಕಲಾಯ್ಡ್ ವಿಷವನ್ನು ಹೊರತೆಗೆದು ತೋರಿಸಿದ ಪ್ರಕರಣಗಳ ಸಂಖ್ಯೆ ಅಲ್ಲಿಯವರೆಗೆ ಸೊನ್ನೆ! ಅದನ್ನು ಒಂದು ಮಾಡಿದವರು ಬ್ರಸೆಲ್ಸ್‌ನ ರಸಾಯನಶಾಸ್ತ್ರಜ್ಞ ಜಾನ್ ಸೆರ್ವೆ ಸ್ಟಾಸ್. ಮೂರು ತಿಂಗಳು ಅದೇ ಕೆಲಸಕ್ಕೆ ಕುಳಿತ ಅವರು ದೇಹದಿಂದ ನಿಕೋಟಿನ್ ತೆಗೆದು ತೋರಿಸಿದರು. ಕೊಲೆಯಾದ ಎಂಟೇ ತಿಂಗಳಿಗೆ, 1851ರ ಜುಲೈ 19ರಂದು, ಮಾನ್ಸ್ ಪಟ್ಟಣದಲ್ಲಿ ಕೌಂಟ್‌ನ ತಲೆ ಗಿಲೊಟಿನ್ ಕೆಳಗೆ ಉರುಳಿತು. ಸ್ಟಾಸ್ ಅಂದು ರೂಪಿಸಿದ ವಿಧಾನ ಪರಿಷ್ಕಾರಗೊಂಡು ಸ್ಟಾಸ್–ಒಟ್ಟೊ ವಿಧಾನವೆಂಬ ಹೆಸರಿನಲ್ಲಿ ನೂರೆಪ್ಪತ್ತು ವರ್ಷ ದಾಟಿಯೂ ವಿಧಿವಿಜ್ಞಾನದ ಪಾಠಗಳಲ್ಲಿ ಉಳಿದಿದೆ.

ಬೊಕಾರ್ಮೆಗೆ ಕೊಲ್ಲುವ ಉದ್ದೇಶವಿತ್ತು. ಯಾವ ದುರುದ್ದೇಶವೂ ಇಲ್ಲದೆ ಮನೆಯಂಗಳದಲ್ಲಿ ಹೊಗೆಸೊಪ್ಪು ಕುದಿಸುವವರ ಲೆಕ್ಕ ಅವನ ಲೆಕ್ಕಕ್ಕಿಂತ ದೊಡ್ಡದಾಗಬಹುದು! ಬೆಳೆಯ ಕೀಟಕ್ಕೆಂದು ತಂಬಾಕಿನ ಕಷಾಯ ಮಾಡುವುದು ನಮ್ಮ ರೈತರಿಗೆ ಹೊಸದಲ್ಲ. ನೈಸರ್ಗಿಕ ಕೃಷಿಯವರ ಅಗ್ನಿಅಸ್ತ್ರವೆಂಬ ಕೀಟನಾಶಕ ಕಷಾಯಕ್ಕೂ ಅರ್ಧ ಕಿಲೊ ತಂಬಾಕು ಹಾಕುವ ರೂಢಿಯಿದೆ. ಶೇ 2ರಷ್ಟು ನಿಕೋಟಿನ್ ಇರುವ ಎಲೆಯಾದರೆ ಅರ್ಧ ಕಿಲೊದಲ್ಲಿ 10 ಗ್ರಾಂ, ಅಂದರೆ 10,000 ಮಿಲಿಗ್ರಾಂ. ಅರ್ಧ ಗ್ರಾಂನ ಮಾರಕ ಪ್ರಮಾಣಕ್ಕೆ ಹೋಲಿಸಿದರೆ ಇಪ್ಪತ್ತು ಜನರ ಪಾಲು. ಸಿಗರೇಟಿಗೆ ಹೋಲಿಸಿದರೆ ಹತ್ತು ಸಾವಿರ ಸಿಗರೇಟು ಮೈಗೆ ಸೇರಿಸುವಷ್ಟು. ಅದರಲ್ಲಿ ಅರ್ಧ ಮಾತ್ರ ದ್ರವಕ್ಕೆ ಇಳಿದಿದೆ ಎನ್ನಿ, ಆಗಲೂ ಹತ್ತು ಜನರ ಪಾಲು ಪಾತ್ರೆಯಲ್ಲೇ ಇದೆ. ನಿಕೋಟಿಯಾನಾ ರುಸ್ಟಿಕಾ ಎಂಬ ಇನ್ನೊಂದು ಜಾತಿಯ ತಂಬಾಕಿನಲ್ಲಂತೂ ಶೇ 9ರವರೆಗೆ ನಿಕೋಟಿನ್ ಇರಬಲ್ಲದು. ಅಂಥ ಅರ್ಧ ಕಿಲೊ ಎಲೆಯಲ್ಲಿ 45 ಗ್ರಾಂ, ತೊಂಬತ್ತು ಜನರ ಪಾಲು! ಎಲೆಯನ್ನು ಕಣ್ಣಲ್ಲಿ ನೋಡಿ ಇದು ಎರಡೋ ಒಂಬತ್ತೋ ಎಂದು ಯಾರೂ ಹೇಳಲಾರರು. ಮನೆಯಲ್ಲಿ ತೆಗೆದ ಕಷಾಯದ ಅತಿ ದೊಡ್ಡ ಅಪಾಯ ಇದೇ. ಅದರ ಮೇಲೆ ಸಂಖ್ಯೆ ಬರೆದಿರುವುದಿಲ್ಲ.

ಕಾರ್ಖಾನೆಯಿಂದ ಬಂದ ನಿಕೋಟಿನ್ ಸಲ್ಫೇಟ್ ಎಂಬ ಕೀಟನಾಶಕವನ್ನೇ ಹಲವು ದೇಶಗಳು ಕೈಬಿಟ್ಟಿವೆ. ಭಾರತದೊಳಗೆ ಅದರ ಬಳಕೆಗೆ ನಿಷೇಧ ಬಂದದ್ದು 1992ರಲ್ಲಿ. ಅಮೆರಿಕದ ಮಿಶಿಗನ್‌ನಲ್ಲಿ 2003ರಲ್ಲಿ ಸೂಪರ್‌ಮಾರ್ಕೆಟ್ ಒಂದರ ಕೊಚ್ಚಿದ ಮಾಂಸಕ್ಕೆ ಇಂಥದೇ ನಿಕೋಟಿನ್ ಕೀಟನಾಶಕ ಬೆರೆತಾಗ ಕಿಲೊ ಮಾಂಸದಲ್ಲಿ ಇದ್ದದ್ದು ಸುಮಾರು 300 ಮಿಲಿಗ್ರಾಂ, ಬರೀ ಆರು ಹನಿ. ಕಾಯಿಲೆ ಬಿದ್ದವರು 92 ಜನ! ಸಾವಿರ ಗ್ರಾಂ ಮಾಂಸದಲ್ಲಿ ಗ್ರಾಂನ ಮೂರನೆಯ ಒಂದು ಭಾಗವೂ ಇಲ್ಲ, ಆದರೂ ತಿಂದವರ ಹೊಟ್ಟೆ ತೊಳಸಿತು.

ಇನ್ನು ಇ-ಸಿಗರೇಟಿನ ದ್ರವ. ಮನೆಯಲ್ಲೇ ಬೆರೆಸಿಕೊಳ್ಳುವವರಿಗಾಗಿ ವಿದೇಶಗಳಲ್ಲಿ ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ಸಾಂದ್ರ ದ್ರವವನ್ನು ಮಾರಿದ್ದುಂಟು. ಅಂಥ ಒಂದು ಲೀಟರ್ ಬಾಟಲಿಯಲ್ಲಿ 100 ಗ್ರಾಂ ನಿಕೋಟಿನ್, ಅಂದರೆ ಒಂದು ಲಕ್ಷ ಸಿಗರೇಟಿನಿಂದ ಮೈಗೆ ಸೇರುವಷ್ಟು. ದಿನಕ್ಕೆ ಇಪ್ಪತ್ತು ಸೇದುವವನು ಅಷ್ಟನ್ನು ಮುಗಿಸಲು ಹದಿಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಬೇಕು. ಹದಿಮೂರೂವರೆ ವರ್ಷದ ಹೊಗೆ ಅಡುಗೆಮನೆಯ ಕಟ್ಟೆಯ ಮೇಲೆ ಒಂದೇ ಮುಚ್ಚಳದ ಕೆಳಗೆ! ಐರೋಪ್ಯ ಒಕ್ಕೂಟ ಮಿಲಿಲೀಟರಿಗೆ 20 ಮಿಲಿಗ್ರಾಂ, ಬಾಟಲಿಗೆ 10 ಮಿಲಿಲೀಟರ್ ಎಂದು ಮಿತಿ ಹಾಕಿದೆ. ಆ ಲೆಕ್ಕದಲ್ಲಿ ನಮ್ಮ ಒಂದು ಲೀಟರ್ ಬಾಟಲಿ 500 ಪುಟ್ಟ ಬಾಟಲಿಗಳ ನಿಕೋಟಿನ್ ಹೊತ್ತಿದೆ. ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ ಇ-ಸಿಗರೇಟಿನ ಬಗ್ಗೆ 2010ರ ಸೆಪ್ಟೆಂಬರ್‌ನಲ್ಲಿ ಬಂದ ಕರೆ ಒಂದೇ ಒಂದು. 2014ರ ಫೆಬ್ರವರಿಯಲ್ಲಿ 215. ಮೂರೂವರೆ ವರ್ಷದೊಳಗೆ 215 ಪಟ್ಟು! ಇಂಥ ಕರೆಗಳಲ್ಲಿ ಅರ್ಧಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳ ಬಗ್ಗೆ ಬಂದವು. ಕರ್ನಾಟಕ 2016ರಲ್ಲಿ ಇ-ಸಿಗರೇಟನ್ನು ನಿಷೇಧಿಸಿತು, ಇಡೀ ದೇಶ 2019ರಲ್ಲಿ.

ಬಾಟಲಿ ದಾಟಿ ಹೊಲಕ್ಕೆ ಹೋದರೆ ಸಂಖ್ಯೆಗಳು ಇನ್ನೂ ಬೆಳೆಯುತ್ತವೆ. ಅಲ್ಲಿ ಯಾರೂ ಏನನ್ನೂ ಕುದಿಸಬೇಕಿಲ್ಲ, ನಿಕೋಟಿನ್ ತೆಗೆಯುವ ಕೆಲಸವನ್ನು ಇಬ್ಬನಿಯೇ ಮಾಡಿ ಮುಗಿಸಿರುತ್ತದೆ! ತಂಬಾಕಿನ ಎಲೆಯ ಮೇಲಿನ 100 ಮಿಲಿಲೀಟರ್ ಇಬ್ಬನಿಯಲ್ಲಿ 9 ಮಿಲಿಗ್ರಾಂವರೆಗೆ ನಿಕೋಟಿನ್ ಸಿಕ್ಕಿದೆ. ತೇವದ ದಿನ ಎಲೆ ಕೀಳುವವರ ಮೈ ಬಟ್ಟೆಗೆ 600 ಮಿಲಿಲೀಟರ್‌ವರೆಗೂ ಇಬ್ಬನಿ ತಾಗಬಹುದೆಂದು ಅಮೆರಿಕದ ಸಂಶೋಧಕರು ಅಂದಾಜಿಸಿದ್ದಾರೆ. ಗುಣಿಸಿ ನೋಡಿ: 54 ಮಿಲಿಗ್ರಾಂ. ಶುದ್ಧ ನಿಕೋಟಿನ್‌ನ ಒಂದು ಹನಿಗಿಂತ ತುಸು ಹೆಚ್ಚನ್ನೇ ಮೈಮೇಲೆ ಹೊತ್ತು ಇಡೀ ದಿನ ದುಡಿದಂತೆ! ಅದರಲ್ಲಿ ಒಂದು ಪಾಲು ಚರ್ಮದೊಳಗೆ ಇಳಿದರೂ ಸಾಕು, ವಾಂತಿ, ತಲೆನೋವು, ತಲೆಸುತ್ತು, ನಿಶ್ಶಕ್ತಿ. ಇದಕ್ಕೆ ಹಸಿರು ತಂಬಾಕು ಕಾಯಿಲೆ ಎಂದು ಹೆಸರು. 1970ರಲ್ಲಿ ಫ್ಲಾರಿಡಾದ ವೈದ್ಯರು ಮೊದಲು ಇದನ್ನು ವರದಿ ಮಾಡಿದರು. 2014ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಅಮೆರಿಕದ ನಾಲ್ಕು ರಾಜ್ಯಗಳ ತಂಬಾಕು ಹೊಲಗಳಲ್ಲಿ ದುಡಿಯುವ 141 ಮಕ್ಕಳನ್ನು ಮಾತನಾಡಿಸಿದಾಗ, ನಾಲ್ವರಲ್ಲಿ ಸುಮಾರು ಮೂವರು ಕೆಲಸದ ನಡುವೆ ಕಾಯಿಲೆ ಬಿದ್ದದ್ದನ್ನು ಹೇಳಿದರು.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹೊಗೆಸೊಪ್ಪು ಮಳೆಗಾಲದ ಬೆಳೆ. ಎಲೆ ಕಿತ್ತು, ಹದಗೊಳಿಸುವ ಬ್ಯಾರನ್‌ಗೆ ಏರಿಸುವ ದಿನಗಳಲ್ಲೇ ಎಲೆ ನೆನೆದಿರುತ್ತದೆ, ರವಿಕೆಯ ತೋಳು ನೆನೆದಿರುತ್ತದೆ, ತಲೆಗೆ ಸುತ್ತಿದ ಟವೆಲೂ ನೆನೆದಿರುತ್ತದೆ. ಇತ್ತೀಚಿನ ವರ್ಷಗಳಲ್ಲಿ ತಂಬಾಕು ಮಂಡಳಿ ಕರ್ನಾಟಕಕ್ಕೆ ನಿಗದಿ ಮಾಡುವ ವರ್ಜೀನಿಯಾ ಬೆಳೆ ಸುಮಾರು 10 ಕೋಟಿ ಕಿಲೊ. ಶೇ 2ರ ಲೆಕ್ಕ ಹಿಡಿದರೂ ಅದರೊಳಗಿನ ನಿಕೋಟಿನ್ 20 ಲಕ್ಷ ಕಿಲೊ, ಎರಡು ಸಾವಿರ ಟನ್! ಮೈಸೂರು ದಸರೆಯ ಚಿನ್ನದ ಅಂಬಾರಿಯ ತೂಕ 750 ಕಿಲೊ. ಒಂದೇ ವರ್ಷದ ಬೆಳೆಯ ನಿಕೋಟಿನ್ನನ್ನು ದಸರೆಗೊಂದು ಅಂಬಾರಿಯ ತೂಕದಷ್ಟು ಹೊರಿಸಿ ಕಳಿಸಿದರೆ 2,666 ದಸರೆ ಮುಗಿದರೂ ಸ್ವಲ್ಪ ಉಳಿಯುತ್ತದೆ. ಬುದ್ಧ ಹುಟ್ಟುವ ಮೊದಲೇ ಹೊರಡಿಸಿದ್ದರೆ ಈಗ ಕೊನೆಯ ಹೊರೆ ಹೊರಡುವ ಹೊತ್ತು! ಅರ್ಧ ಗ್ರಾಂನಂತೆ ಭಾಗಿಸಿದರೆ 400 ಕೋಟಿ ಮಾರಕ ಪಾಲು, ಇಡೀ ಭಾರತದ ಜನಸಂಖ್ಯೆಯ ಎರಡೂವರೆ ಪಟ್ಟಿಗೂ ಹೆಚ್ಚು. ಮೂರ್ನಾಲ್ಕು ತಾಲ್ಲೂಕುಗಳ ಸುತ್ತಮುತ್ತ ಬೆಳೆದ ಎಲೆಯ ಲೆಕ್ಕ ಇದು!

ಇನ್ನು ಜಗತ್ತು. ವರ್ಷಕ್ಕೆ ಮಾರಾಟವಾಗುವ ಸಿಗರೇಟು 5 ಲಕ್ಷ ಕೋಟಿಗೂ ಹೆಚ್ಚು. ಸೆಕೆಂಡಿಗೆ ಒಂದೂವರೆ ಲಕ್ಷ ದಾಟುತ್ತದೆ. 84 ಮಿಲಿಮೀಟರ್ ಉದ್ದದ ಈ ಸಿಗರೇಟುಗಳನ್ನು ತುದಿಗೆ ತುದಿ ತಾಗಿಸಿ ಜೋಡಿಸುತ್ತ ಹೋದರೆ ಸಾಲು ಸೆಕೆಂಡಿಗೆ 13 ಕಿಲೋಮೀಟರ್‌ನಂತೆ ಬೆಳೆಯುತ್ತದೆ. ಭೂಮಿಯ ಸೆಳೆತದಿಂದ ತಪ್ಪಿಸಿಕೊಳ್ಳಲು ರಾಕೆಟ್ಟಿಗೆ ಬೇಕಾದ ವೇಗವೇ 11.2 ಕಿಲೋಮೀಟರ್! ವರ್ಷದ ಕೊನೆಗೆ ಸಾಲಿನ ಉದ್ದ 42 ಕೋಟಿ ಕಿಲೋಮೀಟರ್. ಭೂಮಿಯನ್ನು ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ಸುತ್ತಬಹುದು, ಚಂದ್ರನಿಗೆ 546 ಸಲ ಹೋಗಿ ಬರಬಹುದು, ಸೂರ್ಯನಿಗೆ ಹೋಗಿ ಬಂದ ಮೇಲೂ 12 ಕೋಟಿ ಕಿಲೋಮೀಟರ್ ಮಿಗುತ್ತದೆ. ಸಿಗರೇಟಿಗೆ 10 ಮಿಲಿಗ್ರಾಂನಂತೆ ಆ ಸಾಲಿನೊಳಗಿನ ನಿಕೋಟಿನ್ 50,000 ಟನ್. ಆನೆಯೊಂದಕ್ಕೆ ನಾಲ್ಕು ಟನ್ ಎಂದು ಹಿಡಿದರೆ 12,500 ಆನೆ! 2023ರ ಗಣತಿ ಕರ್ನಾಟಕದ ಕಾಡುಗಳಲ್ಲಿ ಅಂದಾಜಿಸಿದ ಆನೆಗಳು 6,395. ಸರಿಸುಮಾರು ಅಂಥ ಎರಡು ಕರ್ನಾಟಕದ ಆನೆಗಳನ್ನೆಲ್ಲ ತಕ್ಕಡಿಗೆ ಹತ್ತಿಸಬೇಕು.

ಸಿಗರೇಟು, ಬೀಡಿ, ಜಗಿಯುವ ತಂಬಾಕು ಎಲ್ಲ ಸೇರಿ ಪ್ರಪಂಚ ವರ್ಷಕ್ಕೆ ಬೆಳೆಯುವ ಎಲೆ ಸುಮಾರು 60 ಲಕ್ಷ ಟನ್. ಬೆಳೆಯುವವರಲ್ಲಿ ಚೀನಾ ಮೊದಲು, ಭಾರತ ಎರಡನೆಯದು. ಶೇ 2ರ ಲೆಕ್ಕದಲ್ಲಿ ಅದರಲ್ಲಿ ಅಡಗಿರುವ ನಿಕೋಟಿನ್ 1.2 ಲಕ್ಷ ಟನ್, ಮೂವತ್ತು ಸಾವಿರ ಆನೆಗಳ ತೂಕ. ಅರ್ಧ ಗ್ರಾಂನ ಪಾಲುಗಳಾಗಿ ಒಡೆದರೆ 24,000 ಕೋಟಿ ಪಾಲು. ಭೂಮಿಯ ಮೇಲಿನ ಒಬ್ಬೊಬ್ಬರಿಗೂ, ಇಂದು ಹುಟ್ಟಿದ ಕೂಸನ್ನೂ ಸೇರಿಸಿ, ತಲೆಗೆ ಮೂವತ್ತು ಮಾರಕ ಪಾಲು! ಮುಂದಿನ ವರ್ಷ ಮತ್ತೆ ಮೂವತ್ತು, ಅದರ ಮುಂದಿನ ವರ್ಷವೂ ಮೂವತ್ತು.

ಇಷ್ಟು ವಿಷದ ನಡುವೆ ಒಂದೇ ಸಲಕ್ಕೆ ನಾವೆಲ್ಲ ನೆಲಕ್ಕುರುಳದಿರುವುದು ಅದು ತೆಳುವಾಗಿ ಹರಡಿಕೊಂಡಿರುವುದರಿಂದ. ನೂರು ಪಾಲು ಎಲೆಯಲ್ಲಿ ಎರಡು ಪಾಲು ಮಾತ್ರ ನಿಕೋಟಿನ್, ಸಿಗರೇಟಿನ ಹತ್ತರಲ್ಲಿ ಒಂದೆರಡು ಪಾಲು ಮಾತ್ರ ಮೈಗೆ. ಉಳಿದ ತೊಂಬತ್ತೆಂಟು ಪಾಲು ನಾರು, ನೀರು, ಸೊಪ್ಪೇ ನಮ್ಮನ್ನು ಕಾಯುತ್ತಿರುವ ಗೋಡೆ. ಮನೆಯ ಪಾತ್ರೆಯಲ್ಲಿ ಹೊಗೆಸೊಪ್ಪಿನ ಸತ್ವ ತೆಗೆದು ಗಟ್ಟಿ ಮಾಡಲು ಹೊರಟವರು ಆ ಗೋಡೆಯನ್ನು ತಮ್ಮ ಕೈಯಾರೆ ಕೆಡವುತ್ತಾರೆ. ಅಲ್ಲಿ ಎಷ್ಟು ಗಟ್ಟಿಯಾಯಿತೆಂದು ಅಳೆಯುವ ಸಾಧನವಿಲ್ಲ, ಆವಿ ಹೀರಿಕೊಳ್ಳುವ ಯಂತ್ರವಿಲ್ಲ, ಬಾಟಲಿಗೆ ಚೀಟಿಯಿಲ್ಲ, ಪಕ್ಕದ ಕೋಣೆಯಲ್ಲಿ ಹತ್ತು ಕಿಲೊ ತೂಕದ ಮಗು ಅಂಬೆಗಾಲಿಡುತ್ತಿರುತ್ತದೆ.

ಆದ್ದರಿಂದ ನಿಕೋಟಿನ್ ತೆಗೆಯುವ ಕೆಲಸ ಮನೆಯದಲ್ಲ, ಯಾವ ಮನೆಯದೂ ಅಲ್ಲ. ಹೊಲದಲ್ಲಿ ಎಲೆ ಮುಟ್ಟಲೇಬೇಕಾದವರಿಗೆ ಕೈಗವಸು, ಉದ್ದ ತೋಳಿನ ಅಂಗಿ, ನೀರು ಇಳಿಯದ ಹೊದಿಕೆ ಬೇಕು. ಸಾಧ್ಯವಾದಷ್ಟೂ ಇಬ್ಬನಿ ಆರಿದ ಮೇಲೆ ಕೆಲಸ ಹಿಡಿಯಬೇಕು. ಕಷಾಯವೋ ದ್ರವವೋ ಮೈಗೆ ಚೆಲ್ಲಿದರೆ ಬಟ್ಟೆಯನ್ನು ಆ ಕ್ಷಣವೇ ಕಳಚಿ, ಕನಿಷ್ಠ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಚರ್ಮ ತೊಳೆಯಿರಿ. ಬಾಯಿಗೆ ಹೋದರೆ ಮನೆಮದ್ದಿಗೆ ಕೈ ಹಾಕದೆ ನೇರ ಆಸ್ಪತ್ರೆಗೆ ಓಡಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ವಾಂತಿ ನಿಂತಿತೆಂದು ಅರ್ಧದಲ್ಲೇ ಹಿಂದಿರುಗಬೇಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ವೈದ್ಯರಿಗೂ ಸಾರ್ವಜನಿಕರಿಗೂ ದಿನದ 24 ಗಂಟೆ ಸಲಹೆ ಕೊಡುತ್ತದೆ. ಆ ಒದ್ದೆ ಬಟ್ಟೆಯನ್ನು ಚೆನ್ನಾಗಿ ಒಗೆಯುವವರೆಗೆ ಯಾರೂ ಮತ್ತೆ ತೊಡಬಾರದು, ನಾಲ್ಕು ದಿನ ಕಳೆದಿದ್ದರೂ ಸರಿ.